ಇಲ್ಲದ ಬ್ರೇಕು

ಅಮೆರಿಕದಿಂದ ಕಾಕಾ ಬಂದಿದ್ದಾರೆ. ಇವತ್ತು ಕಲಬುರಗಿ ಸ್ಟೇಷನ್‌ನಿಂದ ಕರೆತಂದೆ. ಹೋಗಿ ನನ್ನ ಕಡೆಯ ಬಾಗಿಲೇ ತೆಗೆದರು, ಸ್ಟೇರಿಂಗ್ ನೋಡಿ ನಕ್ಕರು. ಅಲ್ಲಿ ಅದು ಎಡಕ್ಕೆ ಅಲ್ವಾ!

ಪಟೇಲ್ ಸರ್ಕಲ್‌ನಲ್ಲಿ ಆಟೋ ಅಡ್ಡ ಬಂತು. ಕಾಕಾನ ಬಲಗಾಲು ಬರೀ ಮ್ಯಾಟನ್ನು ಗಟ್ಟಿಯಾಗಿ ಒತ್ತಿತು. ಮನೆ ಮುಟ್ಟುವವರೆಗೂ ಒತ್ತುತ್ತಲೇ ಇತ್ತು.

ಅಲ್ಲಿ ಇವರು ಆಮೆ ಹಂಗೆ ಓಡಿಸ್ತಾರೆ ಅಂತ ಕಾಕಾನ ಮಗಳು ನಗ್ತಾಳೆ. ನಾನೂ ಸುಮ್ನೆ ನಕ್ಕಿದ್ದೆ.

"ಗಾಡಿ ಕಲಿತಿದ್ದೇ 45ಕ್ಕೆ, ನೋಡಪಾ. ಎಡಕ್ಕ ಹೋಗೋ ರೂಢಿ, ಅಲ್ಲಿ ಎಲ್ಲಾ ಬಲಕ್ಕ. ಸ್ಟಾಪ್ ಬೋರ್ಡ್ ಇದ್ರ, ರಸ್ತೆ ಖಾಲಿ ಇದ್ರೂ ಪೂರ್ತಿ ನಿಲ್ಲಬೇಕು. ವೀಸಾ ಮ್ಯಾಲ ಇದ್ದಾಗ ಹಿಂದ ಪೊಲೀಸ್ ಲೈಟ್ ಕಂಡ್ರ ಸಾಕು, ಎದಿ ಧಸಕ್ ಅಂತಿತ್ತು."

ಈಗ ಅಲ್ಲಿನ ಸಿಟಿಜನ್ ಆಗಿ ಎಷ್ಟೋ ವರ್ಷ ಆಯ್ತು.

ನಾಳೆ ಶರಣಬಸವೇಶ್ವರ ಗುಡಿಗೆ ಹೋಗಬೇಕು. "ಕಾರ್ ಬ್ಯಾಡ, ನಡಕೊಂಡೇ ಹೋಗೋಣು" ಅಂದಿದ್ದಾರೆ.