ಯಾವ ಅತ್ತೆ?

ನಮ್ಮ ಡಿಪಾರ್ಟ್‌ಮೆಂಟಿಗೆ ಹೊಸಬರು ಸೇರಿದಾಗ ಮೊದಲ ದಿನದ ಪಾಠ ನನ್ನದೇ. ಎಂಟು ವರ್ಷದಿಂದ ಒಂದೇ ಪಾಠ. "ಪೇಶೆಂಟ್ ಬಾಯಲ್ಲಿ ಅತ್ತೆ ಅಂತ ಬಂದ ಕೂಡಲೇ ಪೆನ್ ಕೆಳಗಿಡಿ. ಯಾವ ಅತ್ತೆ ಅಂತ ಕೇಳಿ. ಅಪ್ಪನ ಅಕ್ಕನೂ ಅತ್ತೆ, ಗಂಡನ ತಾಯಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ. ಒಬ್ಬರು ರಕ್ತಸಂಬಂಧ, ಇನ್ನಿಬ್ಬರು ಅಲ್ಲ." ಹುಡುಗಿಯರು ನಗುತ್ತಾ ಬರೆದುಕೊಳ್ಳುತ್ತಾರೆ.

ಇಂಥ ಪಾಠ ಮಾಡುವ ನಾನೇ ಅತ್ತೆಯಲ್ಲಿ ಎಡವಿದೆ. ಒಂದೂವರೆ ವರ್ಷ ಆಯಿತು, ಇನ್ನೂ ಚುಚ್ಚುತ್ತದೆ. ಪೇಶೆಂಟ್ ಗುರುತು ಸಿಗದ ಹಾಗೆ ಊರು, ವಯಸ್ಸು ಸ್ವಲ್ಪ ಬದಲಿಸಿದ್ದೇನೆ. ನನ್ನ ತಪ್ಪನ್ನು ಬದಲಿಸಿಲ್ಲ.

ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಾನು ಜೆನೆಟಿಕ್ ಕೌನ್ಸೆಲರ್, ಮನೆತನದಲ್ಲಿ ಹರಿದು ಬರುವ ಕಾಯಿಲೆಯ ಬಗ್ಗೆ ಸಲಹೆ ಕೊಡುವವಳು. ಬುಧವಾರ ನಮ್ಮ ಒಪಿಡಿ. ಮ್ಯಾನೇಜ್‌ಮೆಂಟ್ ಲೆಕ್ಕದಲ್ಲಿ ಒಬ್ಬರಿಗೆ 20 ನಿಮಿಷ. ಅಷ್ಟರಲ್ಲಿ ಮೂರು ತಲೆಮಾರಿನ ಪೆಡಿಗ್ರಿ, ಅಂದರೆ ವಂಶವೃಕ್ಷ, ಬರೆದು, ಕನ್ಸೆಂಟ್ ತಗೊಂಡು, ಟೆಸ್ಟಿನ ಫಾರ್ಮ್ ತುಂಬಿಸಿ, ರಕ್ತ ತೆಗೆಸಲು ಟ್ಯೂಬ್ ಕೊಟ್ಟು ಕಳಿಸಬೇಕು. ಮದುವೆ ಮನೆಯಲ್ಲಿ ಒಬ್ಬ ದೊಡ್ಡಮ್ಮನನ್ನು ಹಿಡಿದು ಬಳಗದ ಸುದ್ದಿ ಕೇಳಿ ನೋಡಿ, 20 ನಿಮಿಷದಲ್ಲಿ ಒಂದು ಮನೆ ಮುಗಿಯಲ್ಲ.

ಅವತ್ತು ಬಂದಾಕೆಗೆ 44 ವರ್ಷ. ತುಮಕೂರು ಕಡೆಯವರು. ಎಡಗಡೆ ಸ್ತನದ ಸರ್ಜರಿ ಆಗಿತ್ತು, ಮೂರನೇ ಕೀಮೋ ನಡೆಯುತ್ತಿತ್ತು. ಕ್ಯಾನ್ಸರ್ ಡಾಕ್ಟರುಗಳು ಒಟ್ಟಿಗೆ ಕೂತು ಚರ್ಚಿಸುವ ಟ್ಯೂಮರ್ ಬೋರ್ಡಿನಿಂದ ನಮ್ಮ ಕಡೆ ಕಳಿಸಿದ್ದರು. ತಲೆಗೆ ಹೂವಿನ ಚಿತ್ರದ ಸ್ಕಾರ್ಫ್, ಮುಖದಲ್ಲಿ ನಗು. ಗಂಡ ಪಕ್ಕದಲ್ಲಿ ಫೈಲ್ ಹಿಡಿದು ಕೂತಿದ್ದರು. ಹೆಚ್ಚು ಮಾತಿಲ್ಲ.

ತಾಯಿ ಕಡೆ ಏನೂ ಇರಲಿಲ್ಲ. ತಂದೆ ಹಾರ್ಟ್ ಅಟ್ಯಾಕಿನಲ್ಲಿ ತೀರಿಕೊಂಡಿದ್ದರು. ತಂದೆಗೆ ಒಬ್ಬ ತಮ್ಮ, ಒಬ್ಬರು ಅಕ್ಕ. ಅಕ್ಕ ಇಲ್ಲ, 54ಕ್ಕೇ ಹೋದರು. ಏನಾಗಿತ್ತು ಅಂತ ಕೇಳುವಷ್ಟರಲ್ಲಿ ಬಾಗಿಲು ತಟ್ಟಿದರು. ಮುಂದಿನ ಪೇಶೆಂಟಿನ ಮಗ, "ಇನ್ನೂ ಎಷ್ಟು ಹೊತ್ತು ಮೇಡಂ?" ಅಂತ. ಅವನನ್ನು ಕಳಿಸಿ ವಾಪಸ್ ಬಂದಾಗ ನನ್ನ ಪ್ರಶ್ನೆ ಮುಂದಿನ ಕಾಲಂಗೆ ಹೋಗಿತ್ತು. ಹೆಂಗಸು ಅಂತ ದುಂಡು ಬರೆದು, ತೀರಿಕೊಂಡವರು ಅಂತ ಅಡ್ಡಗೆರೆ ಎಳೆದೆ. ಕಾರಣ ಗೊತ್ತಿಲ್ಲ.

"ಮನೇಲಿ ಇನ್ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ?"

"ನಮ್ಮತ್ತೆ ಹೊಟ್ಟೇಲಿ ನೀರು ತುಂಬಿ ಹೋದರು ಮೇಡಂ. ಅಂಡಾಶಯದ್ದು ಅಂದಿದ್ದರು."

ಪೆನ್ ಕೆಳಗಿಟ್ಟೆ. ಪಾಠದಲ್ಲಿ ಹೇಳೋದು ಅದೇ ತಾನೇ? "ಯಾವ ಅತ್ತೆ? ಗಂಡನ ತಾಯಿನಾ?"

"ಹೂಂ, ಇವರ ತಾಯಿ."

ಮನಸ್ಸಿಗೆ ಹಗುರ ಆಯಿತು. ಗಂಡನ ಕಡೆ ಅಂದಮೇಲೆ ಲೆಕ್ಕಕ್ಕಿಲ್ಲ. ಸಾಫ್ಟ್‌ವೇರ್ ಪಟ್ಟಿಯಲ್ಲಿ ಗಂಡನ ತಾಯಿ ಅಂತ ಆರಿಸಿದೆ. ಆ ಸಾಲು ತಾನಾಗಿ ಬೂದು ಬಣ್ಣಕ್ಕೆ ತಿರುಗಿತು. ರಕ್ತಸಂಬಂಧ ಇಲ್ಲ, ರಿಸ್ಕ್ ಲೆಕ್ಕಕ್ಕೆ ತಗೊಳ್ಳಲ್ಲ ಅಂತ ಅದರರ್ಥ. ಬಲಗಡೆ ಇನ್ನೊಂದು ದುಂಡು, ಇನ್ನೊಂದು ಅಡ್ಡಗೆರೆ, ಸತ್ತಾಗ 54.

ಎಡಗಡೆ 54, ಬಲಗಡೆ 54. ಒಬ್ಬರೇ ಹೆಂಗಸನ್ನು ಒಂದೇ ಕಾಗದದಲ್ಲಿ ಎರಡು ಸಲ ಸಾಯಿಸಿದ್ದೆ. ಕಣ್ಣಿಗೆ ಬೀಳಲೇ ಇಲ್ಲ.

ಕೊನೆಗೆ ಫಾರ್ಮಿನ ಕೆಳಗಿದ್ದ ಪ್ರಶ್ನೆಯನ್ನೂ ಕೇಳಿದೆ. "ರಕ್ತಸಂಬಂಧದಲ್ಲಿ ಮದುವೆಯಾ?" ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಇಲ್ಲ ಅಂದರು. ಅವರು ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಅಣ್ಣತಮ್ಮಂದಿರ ಮಕ್ಕಳು ಅಂದರೆ ಒಂದೇ ರಕ್ತ, ಅಲ್ಲಿ ಮದುವೆ ಅನ್ನೋ ಮಾತೇ ಇಲ್ಲ. ಸೋದರತ್ತೆ ಮಗ ಹಾಗಲ್ಲ. ಅವನು ಬೇರೆ ಮನೆಯವನು, ಹೆಣ್ಣು ಕೊಟ್ಟು ತರುವ ಮನೆಯವನು. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ಹೀಗೆ ಬಳಗದೊಳಗೇ ಆಗುತ್ತದೆ. ನಾನು ಕೇಳಿದ್ದು ಪುಸ್ತಕದ ಪ್ರಶ್ನೆ, ಅವರು ಕೊಟ್ಟದ್ದು ಊರಿನ ಉತ್ತರ.

ನಾಲ್ಕು ವಾರಕ್ಕೆ ಜೀನ್ ಟೆಸ್ಟಿನ ರಿಪೋರ್ಟ್ ಬಂತು. ಬಿಆರ್‌ಸಿಎ2 ಅನ್ನೋ ಜೀನಿನಲ್ಲಿ ಬದಲಾವಣೆ, ಪ್ಯಾಥೋಜೆನಿಕ್, ಅಂದರೆ ಕಾಯಿಲೆ ತರುವಂಥದ್ದು. ಅರ್ಥ ಇನ್ನೂ ಗೊತ್ತಿಲ್ಲದ ಬದಲಾವಣೆ, ನಾವು ವಿಯುಎಸ್ ಅನ್ನೋದು, ಅಲ್ಲ. ಅನುಮಾನಕ್ಕೆ ಜಾಗವೇ ಇಲ್ಲ. ಪೋಸ್ಟ್‌-ಟೆಸ್ಟ್ ಮಾತುಕತೆ ಚೆನ್ನಾಗೇ ಮಾಡಿದೆ ಅಂದುಕೊಂಡಿದ್ದೆ. ಈ ಬದಲಾವಣೆ ಇರುವ ಹೆಂಗಸರಲ್ಲಿ 80 ವರ್ಷದೊಳಗೆ ನೂರಕ್ಕೆ ಸುಮಾರು 69 ಮಂದಿಗೆ ಸ್ತನದ ಕ್ಯಾನ್ಸರ್, 17 ಮಂದಿಗೆ ಅಂಡಾಶಯದ್ದು ಬರುತ್ತದೆ ಅಂದೆ. ಅಂಡಾಶಯ ತೆಗೆಸುವುದಾದರೆ 40ರಿಂದ 45ರೊಳಗೆ, ನಿಮಗೆ ಈಗಲೇ 44 ಅಂದೆ. ಮಕ್ಕಳಿಬ್ಬರಿಗೂ ಅರ್ಧಕ್ಕರ್ಧ ಅಂದೆ. ಬಿಲ್ಲೆ ಚಿಮ್ಮಿದ ಹಾಗೆ ಅಂತ ಕೈ ಮಾಡಿ ತೋರಿಸಿದೆ ಬೇರೆ.

ಅಲ್ಲಿವರೆಗೆ ಸುಮ್ಮನಿದ್ದ ಗಂಡ ಕೇಳಿದರು. "ನಂಗೂ ಈ ಟೆಸ್ಟ್ ಬೇಕಾ ಮೇಡಂ?"

ನಾನು ನಕ್ಕೆ. ಈ ನಗು ನೆನೆದರೆ ಈಗಲೂ ನಾಚಿಕೆಗೆ ಮೈ ಬಿಸಿಯಾಗುತ್ತದೆ. "ನಿಮಗ್ಯಾಕೆ ಸರ್, ಇದು ಅವರ ತವರಿನ ವಿಷಯ. ನಿಮಗೂ ಇದಕ್ಕೂ ಸಂಬಂಧ ಇಲ್ಲ."

ಅವರು ಹೆಂಡತಿ ಮುಖ ನೋಡಿದರು. ಮತ್ತೇನೂ ಕೇಳಲಿಲ್ಲ. ಡಾಕ್ಟರ ಕಡೆಯವರು ನಕ್ಕು ಬೇಡ ಅಂದಮೇಲೆ ಯಾರು ತಾನೇ ಇನ್ನೊಂದು ಸಲ ಕೇಳುತ್ತಾರೆ?

ಬಳಗದವರನ್ನು ಒಬ್ಬೊಬ್ಬರಾಗಿ ಟೆಸ್ಟ್ ಮಾಡುವಾಗ ಮೊದಲು ಆಕೆಯ ತಾಯಿಯ ರಕ್ತ ತೆಗೆಸಿದೆವು. ಮತ್ತೆ ಮೂರು ವಾರ. ರಿಪೋರ್ಟ್ ಕೊಡುವ ದಿನ ಮೂವರೂ ಬಂದರು. ಅಜ್ಜಿ ಸೆರಗು ಹೊದ್ದು, ತಪ್ಪು ಮಾಡಿದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಇದನ್ನು ನಾವು ದಿನಾ ನೋಡುತ್ತೇವೆ, ಮಗಳಿಗೆ ರೋಗ ಕೊಟ್ಟವಳು ನಾನೇ ಅಂತ ತಾಯಂದಿರು ಒಳಗೇ ಕೊರಗುತ್ತಿರುತ್ತಾರೆ.

"ಅಜ್ಜಿ, ನಿಮ್ಮಲ್ಲಿ ಅದು ಇಲ್ಲ. ನಿಮ್ಮ ಯಜಮಾನರ ಕಡೆಯಿಂದ ಬಂದಿರಬೇಕು."

ಅಜ್ಜಿ ಉಸಿರು ಬಿಟ್ಟರು. ಬಿಟ್ಟ ಉಸಿರಲ್ಲೇ ಹೇಳಿದರು. "ಮತ್ತೆ, ಅವರ ಕಡೆ ಇತ್ತಲ್ಲವ್ವ! ನಮ್ಮೆಜಮಾನ್ರ ಅಕ್ಕ ಹೊಟ್ಟೆ ನೀರು ತುಂಬ್ಕಂಡು ಹೋದ್ಲಲ್ಲ ಪಾಪ. ಇವರವ್ವ." ಅಂತ ಅಳಿಯನ ಕಡೆ ಕೈ ತೋರಿಸಿದರು.

ಎದುರಿಗೇ ಪೆಡಿಗ್ರಿ ಇತ್ತು. ಎಡಗಡೆ ದುಂಡು, ಬಲಗಡೆ ದುಂಡು. ಒಂದೆರಡು ನಿಮಿಷ ನನ್ನಿಂದ ಮಾತು ಹೊರಡಲಿಲ್ಲ. ಎಸಿ ಸದ್ದು ಕೇಳುತ್ತಿತ್ತು. ಸಾಫ್ಟ್‌ವೇರಿನಲ್ಲಿ ಎರಡು ದುಂಡು ಸೇರಿಸಲು ಹೋದೆ, ಅದು ಗಿರಗಿರ ತಿರುಗುತ್ತಾ ನಿಂತುಬಿಟ್ಟಿತು. ಕೊನೆಗೆ ಪ್ರಿಂಟ್ ಮೇಲೇ ಪೆನ್ನಿನಲ್ಲಿ, ರಕ್ತಸಂಬಂಧದ ಮದುವೆ ಅಂತ, ಗಂಡ ಹೆಂಡತಿ ನಡುವೆ ಎರಡನೇ ಗೆರೆ ಎಳೆದೆ. ಕೈ ನಡುಗಿ ಗೆರೆ ಸೊಟ್ಟಗಾಯಿತು.

"ಸರ್, ಹೋದ ಸಲ ನಾನು ಹೇಳಿದ್ದು ತಪ್ಪು. ನಿಮಗೂ ಟೆಸ್ಟ್ ಬೇಕು."

"ನಾನು ಅವತ್ತೇ ಕೇಳಿದ್ನಲ್ಲ ಮೇಡಂ." ಅಷ್ಟೇ ಅಂದರು. ಕೂಗಾಡಿದ್ದರೆ ಚೆನ್ನಾಗಿತ್ತು.

ಅವರಿಗೂ ಪಾಸಿಟಿವ್ ಬಂತು. ಗಂಡಸರಿಗೆ ಇದರಿಂದ ಏನೂ ಆಗಲ್ಲ ಅನ್ನೋರು ಆಸ್ಪತ್ರೆಯೊಳಗೇ ಇದ್ದಾರೆ, ಹೊರಗಿನವರ ಮಾತು ಬಿಡಿ. ಬಿಆರ್‌ಸಿಎ2 ಇರುವ ಗಂಡಸಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯ ಜಾಸ್ತಿ, 40ರಿಂದಲೇ ಪಿಎಸ್‌ಎ ಅನ್ನೋ ರಕ್ತಪರೀಕ್ಷೆ ನೋಡಬೇಕು. ಗಂಡಸಿಗೂ ಸ್ತನದ ಕ್ಯಾನ್ಸರ್ ಬರುತ್ತದೆ. ಇವರಿಗೆ 49. ಪಿಎಸ್‌ಎ ನಾರ್ಮಲ್ ಬಂದ ದಿನ ನಾನು ಕ್ಯಾಂಟೀನಿಗೆ ಹೋಗಿ ಒಬ್ಬಳೇ ಎರಡು ಕಾಫಿ ಕುಡಿದೆ.

ಮಕ್ಕಳ ಲೆಕ್ಕವೂ ತಲೆಕೆಳಗಾಯಿತು. ತಂದೆ ತಾಯಿ ಇಬ್ಬರಲ್ಲೂ ಅದೇ ಬದಲಾವಣೆ ಇದ್ದರೆ ನಾಲ್ಕರಲ್ಲಿ ಒಂದು ಮಗುವಿಗೆ ಎರಡು ಕಡೆಯಿಂದಲೂ ಬರುತ್ತದೆ. ಅದು ಬೇರೆಯೇ ಕಾಯಿಲೆ, ಫ್ಯಾಂಕೋನಿ ಅನೀಮಿಯಾ. ಬಿಆರ್‌ಸಿಎ2ದು ಅದರಲ್ಲೂ ಕ್ರೂರ. ಮೆದುಳಿನ ಗಡ್ಡೆ, ರಕ್ತದ ಕ್ಯಾನ್ಸರ್, ಎಲ್ಲ ಪುಟ್ಟ ವಯಸ್ಸಿನಲ್ಲೇ. ಇವರ ಮಗಳಿಗೆ 20, ಮಗನಿಗೆ 17, ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಆ ಒಂದು ಪಾಲನ್ನು ಕಳೆದರೆ, ಒಬ್ಬೊಬ್ಬರಿಗೂ ಈ ಬದಲಾವಣೆ ಒಂದು ಕಡೆಯಿಂದ ಬಂದಿರುವ ಸಾಧ್ಯತೆ ಮೂರರಲ್ಲಿ ಎರಡು. ಬಿಲ್ಲೆ ಚಿಮ್ಮಿ ತೋರಿಸಿದ್ದೆನಲ್ಲ, ಅದು ಸುಳ್ಳಾಯಿತು.

ಪೆಡಿಗ್ರಿಯಲ್ಲಿ ಮೂರನೇ ಮಗುವೂ ಇತ್ತು. ಮೊದಲನೇದು, ಗಂಡು. ಮೂರು ವರ್ಷಕ್ಕೆ ಹೋಯಿತು ಅಂತ ಬರೆದುಕೊಂಡಿದ್ದೆ. ಏನಾಗಿತ್ತು ಅಂತ ಅಲ್ಲೂ ಕೇಳಿರಲಿಲ್ಲ. ಈಗ ಕೇಳಿದೆ.

"ತಲೇಲಿ ಗಡ್ಡೆ ಅಂದರು ಮೇಡಂ. ಇದೇ ಬೆಂಗಳೂರಿಗೆ ಕರ್ಕೊಂಡು ಬಂದಿದ್ವಿ."

ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಮಗುವಿನ ರಕ್ತವಿಲ್ಲ, ಗಡ್ಡೆಯ ತುಣುಕಿಟ್ಟ ಬ್ಲಾಕ್ ಇಲ್ಲ, ಫೈಲ್ ಕೂಡ ಇಲ್ಲ. ಅದು ಇದೇ ಅಂತ ಹೇಳಲು ಆಧಾರವಿಲ್ಲ, ಅಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. "ಇರಬಹುದು. ಖಚಿತವಾಗಿ ಯಾರೂ ಹೇಳೋಕಾಗಲ್ಲ" ಅಂದೆ. ಆಕೆ ಸ್ಕಾರ್ಫ್ ಸರಿಮಾಡಿಕೊಂಡು, "ಮಗೂನ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ನಮ್ಮತ್ತೆ ಸಾಯೋವರೆಗೂ ನನ್ನ ಬೈತಿದ್ರು" ಅಂದರು. ಅಜ್ಜಿ ಮಗಳ ಕೈ ಹಿಡಿದುಕೊಂಡರು. ಈ ಮಾತಿಗೆ ಏನು ಹೇಳಬೇಕು ಅಂತ ಯಾವ ಟ್ರೇನಿಂಗಿನಲ್ಲೂ ಕಲಿಸಿಲ್ಲ.

ಮುಂದಿನ ತಿಂಗಳ ರಿವ್ಯೂ ಮೀಟಿಂಗಿನಲ್ಲಿ ಈ ಕೇಸ್ ಇಟ್ಟೆ. ಮೊದಲರ್ಧ ಗಂಟೆ ಮ್ಯಾನೇಜರ್ ಸ್ಲೈಡುಗಳು. ಜೀನೋಮ್ ಇಂಡಿಯಾದವರು ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ್ದಾರೆ, ನಾವೂ ಡೇಟಾ ಕಡೆ ಹೋಗಬೇಕು ಅಂತ. ಹೋಗೋಣ, ನನಗೂ ಬೇಕು. ಡೇಟಾಬೇಸಿನಲ್ಲಿ ನಮ್ಮ ಜನ ಕಮ್ಮಿ ಇರೋದರಿಂದಲೇ ನಮ್ಮವರಿಗೆ ಇಷ್ಟೊಂದು ವಿಯುಎಸ್ ಬರೋದು. ಆದರೆ ಈ ವಿದ್ಯೆ ಶುರುವಾಗಿದ್ದು ಮೆಷೀನಿನಿಂದ ಅಲ್ಲ. 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಸ್ತನದ ಕ್ಯಾನ್ಸರಿನ ಜೀನ್ 17ನೇ ಕ್ರೋಮೋಸೋಮಿನಲ್ಲಿದೆ ಅಂತ ತೋರಿಸಿದಾಗ ಅವರ ಕೈಯಲ್ಲಿದ್ದದ್ದು 23 ಕುಟುಂಬಗಳ ವಂಶವೃಕ್ಷ, 146 ಕೇಸು. ಯಾರು ಯಾರಿಗೆ ಏನಾಗಬೇಕು ಅನ್ನೋದು ಅಲ್ಲಿ ತಪ್ಪಿದ್ದರೆ ಜೀನ್ ಸಿಗುತ್ತಲೇ ಇರಲಿಲ್ಲ. ಅದಕ್ಕೂ ಮುಂಚೆ, 1895ರಲ್ಲಿ, ಅಮೆರಿಕದ ಮಿಶಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಅನ್ನೋ ಡಾಕ್ಟರಿಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ನಮ್ಮ ಮನೆಯವರೆಲ್ಲ ಕ್ಯಾನ್ಸರಿನಲ್ಲೇ ಹೋಗೋದು, ನಾನೂ ಹಾಗೇ ಹೋಗ್ತೀನಿ ಅಂದಳಂತೆ. ಆತ ಕೂತು ಕೇಳಿದ, ಬರೆದುಕೊಂಡ. ಕರುಳು, ಗರ್ಭಕೋಶದ ಕ್ಯಾನ್ಸರ್ ತರುವ ಲಿಂಚ್ ಸಿಂಡ್ರೋಮ್ ಅಂತ ಇವತ್ತು ನಾವು ರಿಪೋರ್ಟ್ ಕೊಡೋದು ಆ ಮನೆತನದ ಕಾಯಿಲೆಗೇ. ಆತನಿಗೆ 20 ನಿಮಿಷದ ಸ್ಲಾಟ್ ಇರಲಿಲ್ಲ ಅಂತ ಕಾಣುತ್ತದೆ.

ಇದನ್ನೆಲ್ಲ ಹೇಳಿ 40 ನಿಮಿಷ ಕೇಳಿದೆ. 25 ಕೊಟ್ಟರು. ಸಾಫ್ಟ್‌ವೇರಿನವರಿಗೆ ಟಿಕೆಟ್ ಹಾಕಿದೆ, ಒಬ್ಬರೇ ಎರಡು ಸಂಬಂಧದಲ್ಲಿ ಬರಬಹುದು ಅಂತ. "ಇದು ರೇರ್ ಕೇಸ್" ಅಂತ ಉತ್ತರ. ಬರೆದ ಹುಡುಗ ಕನ್ನಡದವನೇ! ಟಿಕೆಟ್ ಇನ್ನೂ ಹಾಗೇ ಇದೆ.

ನನ್ನ ಮಾನಿಟರಿನ ಕೆಳಗೆ ಚೀಟಿ ಅಂಟಿಸಿದ್ದೇನೆ: ಮದುವೆಗೆ ಮುಂಚೆ ಇವರು ನಿಮಗೆ ಏನಾಗಬೇಕಿತ್ತು? ಹೀಗೆ ಕೇಳಿದರೆ ಎಲ್ಲರೂ ಸರಿಯಾಗಿ ಹೇಳುತ್ತಾರೆ. ಸೋದರತ್ತೆ ಮಗ, ಅಕ್ಕನ ಮಗಳು, ಮಾವನ ಮಗಳು. ಮೊನ್ನೆ ಒಬ್ಬಾತ, "ಏನೂ ಆಗಬೇಕಿರಲಿಲ್ಲ ಮೇಡಂ, ಪಕ್ಕದ್ಮನೆ" ಅಂದ. ಸತ್ತವರು ಇದ್ದರೆ ಏನಾಗಿತ್ತು ಅಂತ ಕೇಳದೆ ಮುಂದಿನ ದುಂಡಿಗೆ ಹೋಗಲ್ಲ, ಬಾಗಿಲು ಯಾರೇ ತಟ್ಟಲಿ.

ಹೋದ ತಿಂಗಳು ಆಕೆಯ ಮಗಳು ಒಬ್ಬಳೇ ಬಂದಿದ್ದಳು. ಡಿಗ್ರಿ ಕೊನೇ ವರ್ಷ. ಅಮ್ಮನಿಗೆ ಅಂಡಾಶಯದ ಆಪರೇಶನ್ ಆಗಿದೆ, ಮನೆಯಲ್ಲಿ ಓಡಾಡುತ್ತಿದ್ದಾರೆ ಅಂದಳು. ಮೂರರಲ್ಲಿ ಎರಡರ ಲೆಕ್ಕ ಅವಳಿಗೆ ಆಗಲೇ ಬಾಯಿಪಾಠ. ಟೆಸ್ಟ್ ಈಗ ಬೇಡ, ತಪಾಸಣೆ ಶುರುವಾಗೋದು 25ಕ್ಕೆ ತಾನೇ, ಆಗ ನೋಡೋಣ ಅಂದಳು. ಅದು ಅವಳಿಷ್ಟ, ನಾವು ಬಲವಂತ ಮಾಡೋ ಹಾಗಿಲ್ಲ.

"ಮತ್ತೆ ಯಾಕೆ ಬಂದೆ?"

"ಮನೇಲಿ ನಂಗೆ ಮಾವನ ಮಗನ ಜೊತೆ ಮಾತಾಡ್ತಿದ್ದಾರೆ ಮೇಡಂ. ಮಾವ ಟೆಸ್ಟ್ ಮಾಡಿಸ್ಕೊಂಡಿಲ್ಲ, ನಂಗೇನೂ ಆಗಿಲ್ಲ ಅಂತಾರೆ. ನೀವು ಆಸ್ಪತ್ರೆ ಲೆಟರ್‌ಹೆಡ್ಡಲ್ಲಿ, ಆ ಮದುವೆ ಬೇಡ ಅಂತ ಬರ್ಕೊಡ್ತೀರಾ?"

"ಹುಡುಗ ಇಷ್ಟ ಇಲ್ವಾ?"

"ಒಂಚೂರೂ ಇಲ್ಲ ಮೇಡಂ."

ನಗು ತಡೆದುಕೊಂಡು ಹೊಸ ಹಾಳೆ ತೆಗೆದೆ. "ಮಾವ ಅಂದರೆ ಅಮ್ಮನ ಅಣ್ಣ ತಾನೇ?" ಅಂದೆ. ಹೂಂ ಅಂದಳು. "ಅಮ್ಮನ ಸ್ವಂತ ಅಣ್ಣ? ಅವರ ಹೆಂಡತಿ ನಿಮ್ಮ ಅಪ್ಪನಿಗೆ ಏನಾಗಬೇಕು?"

ಹುಡುಗಿ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ತಂಗಿ" ಅಂದಳು.