ನಾಯ್ಕಾಪಿನಿಂದ ಕಾಸರಗೋಡಿಗೆ ಸೈಕಲ್: ಇಲ್ಲಿವರೆಗಿನ ಕತೆ

ಮೊದಲು ದಾರಿ ಹೇಳಿಬಿಡುತ್ತೇನೆ. ಮನೆ ಇರುವುದು ನಾಯ್ಕಾಪಿನಿಂದ ಸ್ವಲ್ಪ ಒಳಗೆ. ಕೆಲಸ ಕಾಸರಗೋಡು ಪೇಟೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ, ಸಾಲದ ಕೌಂಟರ್. ಕುಂಬಳೆಗೆ ಇಳಿದು, ಹೆದ್ದಾರಿ 66ರ ಪಕ್ಕದ ಸರ್ವಿಸ್ ರೋಡ್ ಹಿಡಿದರೆ ಮೊಗ್ರಾಲ್, ಮೊಗ್ರಾಲ್ ಪುತ್ತೂರು, ಚೌಕಿ, ಕರಂದಕ್ಕಾಡು. ಒಂದು ಕಡೆಗೆ 15 ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಕುಂಬಳೆವರೆಗೆ ಇಳಿಜಾರು, ಸಂಜೆ ಹಸಿದ ಹೊಟ್ಟೆಯಲ್ಲಿ ಅದೇ ಏರು. ಉಲ್ಟಾ ಇದ್ದಿದ್ದರೆ ಆಫೀಸಿಗೆ ಬೆವರು ಸುರಿಸಿಕೊಂಡು ಹೋಗಬೇಕಿತ್ತು. ಹಾಗಾಗಿ ನನ್ನದೇನೂ ದೂರಿಲ್ಲ.

ಗಾಡಿ ಏಳು ಗೇರಿನ ಹೈಬ್ರಿಡ್, ಅಂದರೆ ರೋಡ್ ಸೈಕಲಿಗೂ ಮೌಂಟನ್ ಬೈಕಿಗೂ ನಡುವಿನದು. ಮುಂದೆ ಪೆಡಲಿನ ಹತ್ತಿರ ಒಂದೇ ಹಲ್ಲುಚಕ್ರ, 42 ಹಲ್ಲು. ಹಿಂದಿನ ಫ್ರೀವೀಲ್, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಜೋಡಣೆ, 14ರಿಂದ 28 ಹಲ್ಲಿನದು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ ಕೂಡ ಇಲ್ಲ. ಇದೆಲ್ಲ ಬೇರೆ ದುಡ್ಡು ಕೊಟ್ಟು ತಗೊಳ್ಳಬೇಕಂತೆ.

ಡಿಸೆಂಬರ್

ತುಲಾ ಮಳೆ, ಅಂದರೆ ಅಕ್ಟೋಬರ್-ನವೆಂಬರಿನ ಮಳೆ, ಮುಗಿದ ಮೇಲೆ ಶುರು ಮಾಡಿದೆ. ಈ ತಿಂಗಳು ಸೈಕಲ್ ಬಗ್ಗೆ ಬರೆಯುವುದು ಕಮ್ಮಿ, ಜನರ ಬಗ್ಗೆ ಜಾಸ್ತಿ.

ಕುಂಬಳೆಯ ಆಟೋ ಸ್ಟ್ಯಾಂಡಿನವರು ನನ್ನನ್ನು ವರ್ಷಗಳಿಂದ ಸ್ಕೂಟರಿನಲ್ಲಿ ನೋಡಿದವರು. ಮೊದಲ ಪ್ರಶ್ನೆ, "ಎಂತ ಮಾರ್ರೆ, ಸ್ಕೂಟರ್ ಗ್ಯಾರೇಜಿಗೆ ಹಾಕಿದ್ದಾ?" ಇಲ್ಲ ಎಂದೆ. ನಾಲ್ಕು ದಿನ ಬಿಟ್ಟು ಸ್ವರ ತಗ್ಗಿಸಿ, "ಶುಗರಾ?" ಅದೂ ಅಲ್ಲ ಎಂದೆ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಕೇಳದಿದ್ದರೇ ಅಪಾಯ. ಅವರೇ ಏನೋ ಒಂದು ತೀರ್ಮಾನಕ್ಕೆ ಬಂದಿದ್ದಾರೆ ಎಂದರ್ಥ.

ಆ ತೀರ್ಮಾನ ಏನೆಂದು ಗೊತ್ತಾದದ್ದು ಒಂದು ಮದುವೆ ಮನೆಯಲ್ಲಿ. ಅತ್ತೆಯೊಬ್ಬರು ನನ್ನ ಹೆಂಡತಿಯನ್ನು ಕೈ ತೊಳೆಯುವ ಜಾಗದ ಹತ್ತಿರ ನಿಲ್ಲಿಸಿ ಕೇಳಿದರಂತೆ, "ಬ್ಯಾಂಕಿನಲ್ಲಿ ಸಂಬಳ ಸರಿಯಾಗಿ ಬರ್ತಾ ಉಂಟಲ್ಲ? ಏನಾದರೂ ಇದ್ರೆ ಹೇಳು, ಮಾವನ ಹತ್ರ ಮಾತಾಡ್ತೇನೆ." ನಮ್ಮೂರಿನ ಪ್ರೀತಿ ಹೀಗೇ. ಅವಮಾನ ಮಾಡುವಾಗಲೂ ಸಹಾಯಕ್ಕೆ ತಯಾರು.

ಬೆಲೆ ಕೇಳಿದವರ ಕತೆ ಬೇರೆ. ಹದಿನಾರು ಸಾವಿರ ಎಂದರೆ ಮುಖ ನೋಡುತ್ತಾರೆ. "ಅಷ್ಟಕ್ಕೆ ಹಳೆ ಸ್ಕೂಟರೇ ಬರ್ತಿತ್ತಲ್ವಾ?" ಬರ್ತಿತ್ತು. ಎರಡನೇ ಪ್ರಶ್ನೆ ಗ್ಯಾರಂಟಿ, "ಬ್ಯಾಟರಿ ಉಂಟಾ?" ಇಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯಿತು.

ಜನವರಿ

ಚರಂಡಿ ಸ್ಲ್ಯಾಬ್. ಸರ್ವಿಸ್ ರೋಡಿನಲ್ಲಿ ಬಸ್ಸು ಹಿಂದಿನಿಂದ ಹಾರ್ನ್ ಹೊಡೆದರೆ ನಾವು ಹತ್ತಿಕೊಳ್ಳುವುದು ಅದರ ಮೇಲೆ. ಸ್ಲ್ಯಾಬಿನ ನಡುವಿನ ಸಂದು ಅಡ್ಡಕ್ಕೆ ಇದ್ದರೆ ತೊಂದರೆ ಇಲ್ಲ, ಟಕ್ ಟಕ್ ಎಂದು ದಾಟಿಹೋಗುತ್ತದೆ. ಸ್ಲ್ಯಾಬಿಗೂ ರಸ್ತೆಗೂ ನಡುವೆ ಉದ್ದಕ್ಕೆ ಇರುವ ಸಂದೇ ಪೀಡೆ. ನನ್ನದು 28 ಮಿಲಿಮೀಟರ್ ಟೈರ್. ಆ ಸಂದು ಕೆಲವು ಕಡೆ ಎರಡು ಬೆರಳು ಅಗಲ. ಚಕ್ರ ಒಳಗೆ ಕೂತರೆ ಹ್ಯಾಂಡಲ್ ತಿರುಗುವುದಿಲ್ಲ, ನಾವು ಮಾತ್ರ ಮುಂದೆ ಹೋಗುತ್ತೇವೆ. ಕರೆಂಟಿನವರೋ ನೀರಿನವರೋ ಒಂದು ಸ್ಲ್ಯಾಬ್ ಎತ್ತಿ ವಾಪಸ್ ಇಟ್ಟರೆ ಅದರ ಒಂದು ಮೂಲೆ ಯಾವಾಗಲೂ ಮೇಲೆ. ಎಲ್ಲೆಲ್ಲಿ ಮೂಲೆ ಎದ್ದಿದೆ ಎಂದು ಈಗ ಬಾಯಿಪಾಠ.

ಟೈರನ್ನು 35 ಮಿಲಿಮೀಟರಿಗೆ ಬದಲಾಯಿಸಿದೆ. ಗಾಳಿ ಸ್ವಲ್ಪ ಕಮ್ಮಿ ಹೊಡೆಯಬಹುದು, ಗುಂಡಿಯಲ್ಲಿ ಸೊಂಟಕ್ಕೆ ಪೆಟ್ಟು ಕಮ್ಮಿ. ವೇಗದಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಈ ದಾರಿಯಲ್ಲಿ ಓಡಿಸುವ ಯಾರಿಗಾದರೂ ಒಂದೇ ಸಲಹೆ ಕೊಡಬೇಕಾದರೆ ಇದನ್ನೇ ಕೊಡುತ್ತೇನೆ.

ಜನವರಿಯ ಇನ್ನೊಂದು ವಿಷಯ. ನಮ್ಮ ಜಿಲ್ಲೆಯಲ್ಲಿ ಅಪರಿಚಿತರು ಮಾತು ಶುರು ಮಾಡುವ ಮೊದಲು ಒಂದು ಕ್ಷಣ ನಿಮ್ಮನ್ನು ಅಳೆಯುತ್ತಾರೆ. ಕನ್ನಡವಾ, ಮಲಯಾಳವಾ, ತುಳುವಾ? ಹಣೆ ನೋಡಿ, ಮುಂಡು ಉಟ್ಟ ರೀತಿ ನೋಡಿ ಹೇಳಿಬಿಡುತ್ತಾರೆ. ನಲವತ್ತು ವರ್ಷ ನನ್ನ ಹತ್ತಿರ ಈ ಮೂರರಲ್ಲಿ ಒಂದನ್ನು ಮಾತಾಡಿದ್ದಾರೆ. ಸೈಕಲ್ ಹತ್ತಿದ ಮೇಲೆ ನಾಲ್ಕನೆಯದು ಶುರುವಾಯಿತು. ಮೊಗ್ರಾಲ್ ಸೇತುವೆ ಹತ್ತಿರ ಸ್ಕೂಟರಿನವನೊಬ್ಬ, "ಭಾಯ್, ಸೈಡ್ ಸೈಡ್!" ಚೌಕಿಯ ಅಂಗಡಿಯಲ್ಲಿ ನೀರು ಕೇಳಿದರೆ, "ಬೀಸ್ ರುಪಯಾ." ನಾನು ಮಲಯಾಳದಲ್ಲಿ ಕೇಳಿದ್ದೆ, ಆದರೂ ಉತ್ತರ ಹಿಂದಿಯಲ್ಲಿ.

ಕಾರಣ ಕಷ್ಟದ್ದಲ್ಲ. ಬೆಳಿಗ್ಗೆ ಹೊತ್ತು ಈ ರಸ್ತೆಯಲ್ಲಿ ಸೈಕಲ್ ತುಳಿಯುವ ದೊಡ್ಡವರೆಂದರೆ ಬಂಗಾಳ, ಅಸ್ಸಾಂ, ಬಿಹಾರದಿಂದ ಬಂದ ಕೆಲಸಗಾರರು. ಕೇರಳ ಸರ್ಕಾರದ ಭಾಷೆಯಲ್ಲಿ ಅತಿಥಿ ಕಾರ್ಮಿಕರು. ಅತಿಥಿಗೆ ರಸ್ತೆಯಲ್ಲಿ ಎಷ್ಟು ಜಾಗ ಸಿಗುತ್ತದೆ ಎಂದು ನನಗೆ ಗೊತ್ತಾದದ್ದು ನಾನೂ ಅವರ ಸಾಲಿನಲ್ಲಿ ಸೇರಿದ ಮೇಲೆ. ನನ್ನ ಸ್ಕೂಟರಿಗೆ ಒಂದೂವರೆ ಮೀಟರ್ ಬಿಟ್ಟು ಹೋಗುತ್ತಿದ್ದ ಕಾರು, ಸೈಕಲಿಗೆ ಅದರ ಅರ್ಧವನ್ನೂ ಬಿಡುವುದಿಲ್ಲ.

ಬಂಗಾಳದ ಮುರ್ಷಿದಾಬಾದಿನ ಒಬ್ಬ ದಿನಾ ಸಿಗುತ್ತಾನೆ. ಹಳೇ ಕಪ್ಪು ಸೈಕಲ್, ಹಿಂದೆ ಕರಣೆ, ಮಟ್ಟಗೋಲು. ಒಂದು ದಿನ ನನ್ನ ಹಿಂದಿನ ಚಕ್ರ ಪಂಕ್ಚರ್ ಆದಾಗ ಪಂಪು ಕೊಟ್ಟವನು ಅವನೇ. ಗಾಳಿ ಹೊಡೆಯುತ್ತಾ ಅವನೂ ಕೇಳಿದ, ಬ್ಯಾಂಕಿನಲ್ಲಿ ಕೆಲಸ ಇದ್ದೂ ಗಾಡಿ ಯಾಕಿಲ್ಲ ಎಂದು. ಊರಿಗೆ ಹೋಗುವ ಮೊದಲು ಬೈಕ್ ತಗೊಳ್ಳಬೇಕೆಂದು ದುಡ್ಡು ಕೂಡಿಡುತ್ತಿದ್ದಾನಂತೆ.

ಫೆಬ್ರವರಿ

ಹೆಲ್ಮೆಟ್ ಮತ್ತು ಹಳದಿ ಜೆರ್ಸಿ ಬಂತು. ಮಗಳ ಒತ್ತಾಯ.

ಅದನ್ನು ಹಾಕಿಕೊಂಡ ಮೊದಲ ವಾರದಲ್ಲೇ ನನ್ನ ಜಾತಿ ಬದಲಾಯಿತು. ಮೊಗ್ರಾಲಿನಲ್ಲಿ ಫುಟ್‌ಬಾಲ್ ಹಿಡಿದು ಹೋಗುವ ಹುಡುಗರು ಕೈ ಬೀಸಿ "ಕಾಶ್ಮೀರಕ್ಕಾ?" ಎಂದು ಕೂಗಿದರು. ಈ ಹೆದ್ದಾರಿಯಲ್ಲಿ ಕನ್ಯಾಕುಮಾರಿ, ಕಾಶ್ಮೀರ ಎಂದು ಬೋರ್ಡ್ ಕಟ್ಟಿಕೊಂಡು ಹೋಗುವ ಹುಡುಗರಿಗೆ ಕಮ್ಮಿಯಿಲ್ಲ. ಇಲ್ಲ, ಬ್ಯಾಂಕಿಗೆ ಎಂದರೆ ಅವರಿಗೆ ಬೇಜಾರು. ಚೌಕಿಯ ಅದೇ ಅಂಗಡಿಯವರು ಈಗ "ಸಾರೇ, ಎವಿಡುನ್ನಾ?" (ಎಲ್ಲಿಂದ?) ಎಂದು ಮಲಯಾಳದಲ್ಲಿ ಕೇಳಿ, ನೀರಿನ ಬಾಟಲಿಯನ್ನು ಫ್ರಿಜ್ಜಿನ ಒಳಗಿನಿಂದ ತೆಗೆದು ಕೊಟ್ಟರು. ಸೈಕಲ್ ಅದೇ, ಮನುಷ್ಯ ಅದೇ. ಬದಲಾದದ್ದು ಒಂದು ಬನಿಯನ್.

ಇದರ ಬಗ್ಗೆ ಒಂದು ಅಧ್ಯಯನವೇ ಇದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿದ್ದ ಇಯಾನ್ ವಾಕರ್ ಎಂಬ ಮನಃಶಾಸ್ತ್ರಜ್ಞ ತನ್ನ ಸೈಕಲಿಗೆ ದೂರ ಅಳೆಯುವ ಸೆನ್ಸರ್ ಕಟ್ಟಿಕೊಂಡು ತಿರುಗಿ, 2007ರಲ್ಲಿ ಪ್ರಕಟಿಸಿದ್ದು. 2,300ಕ್ಕೂ ಹೆಚ್ಚು ವಾಹನಗಳು ಅವರನ್ನು ಹಿಂದಿಕ್ಕಿದ ಲೆಕ್ಕ ಅದರಲ್ಲಿದೆ. ಹೆಲ್ಮೆಟ್ ಹಾಕಿದ್ದಾಗ ಗಾಡಿಗಳು ಸರಾಸರಿ 8.5 ಸೆಂಟಿಮೀಟರ್ ಹೆಚ್ಚು ಹತ್ತಿರ ಬಂದವಂತೆ. ಉದ್ದ ಕೂದಲಿನ ವಿಗ್ ಹಾಕಿದಾಗ ಜಾಗ ಜಾಸ್ತಿ ಬಿಟ್ಟರಂತೆ. ಪ್ರಯೋಗದ ನಡುವೆ ಒಂದು ಬಸ್ಸು, ಒಂದು ಲಾರಿ ಅವರಿಗೆ ತಾಗಿದ್ದೂ ಉಂಟು, ಎರಡು ಸಲವೂ ತಲೆಯಲ್ಲಿ ಹೆಲ್ಮೆಟ್ ಇತ್ತು. 2013ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಹೆಲ್ಮೆಟ್ಟಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಎಂದರು. ಜಗಳ ಏನೇ ಇರಲಿ, ಡ್ರೈವರುಗಳು ಮೊದಲು ನೋಡುವುದು ಸೈಕಲನ್ನಲ್ಲ, ಅದರ ಮೇಲೆ ಕೂತವನು ಯಾರು ಎಂದು. ಇದನ್ನು ನಂಬಲು ನನಗೆ ಇಂಗ್ಲೆಂಡಿನ ಸೆನ್ಸರ್ ಬೇಕಾಗಿರಲಿಲ್ಲ.

ನಮ್ಮ ಕಡೆ ಕಾರು ಎಷ್ಟು ದೂರ ಬಿಡುತ್ತದೆ ಎಂದು ನಾನು ಅಳೆದಿಲ್ಲ. ಹೆಲ್ಮೆಟ್ ಅಂತೂ ಬಿಡುವುದಿಲ್ಲ. ವಿಗ್ ಹಾಕುವ ಯೋಚನೆಯೂ ಸದ್ಯಕ್ಕಿಲ್ಲ.

ಮಾರ್ಚ್, ಏಪ್ರಿಲ್

ಸೆಕೆ. ಎಂಟು ಗಂಟೆಯ ಮೊದಲು ಕುಂಬಳೆ ದಾಟದಿದ್ದರೆ ಕತೆ ಮುಗಿಯಿತು. ಬ್ಯಾಂಕಿನ ರೆಕಾರ್ಡ್ ರೂಮಿನಲ್ಲಿ ಎರಡು ಅಂಗಿ, ಒಂದು ಪ್ಯಾಂಟು, ಒಂದು ಬೈರಾಸು ಇಟ್ಟಿದ್ದೇನೆ. ತಲುಪಿದ ಕೂಡಲೇ ಮೈ ಒರೆಸಬಾರದು, ಹತ್ತು ನಿಮಿಷ ಫ್ಯಾನಿನ ಕೆಳಗೆ ಸುಮ್ನೆ ಕೂರಬೇಕು. ಆಗ ಬೆವರು ನಿಲ್ಲುತ್ತದೆ. ಮೊದಲೇ ಅಂಗಿ ಬದಲಾಯಿಸಿದರೆ ಆ ಅಂಗಿಯೂ ಹೋಯಿತು.

ಮೇಲಿನವರೊಬ್ಬರು ಕರೆದು, ಸೈಕಲನ್ನು ಎದುರಿನ ಬಾಗಿಲ ಹತ್ತಿರ ಇಡಬೇಡಿ, ಬಂದವರು ಏನು ತಿಳಿಯುತ್ತಾರೆ ಎಂದರು. ಹಿಂದೆ ಜನರೇಟರ್ ಪಕ್ಕ ಇಟ್ಟೆ. ಅಲ್ಲಿ ನೆರಳು ಚೆನ್ನಾಗಿದೆ, ನಷ್ಟ ಏನಿಲ್ಲ.

ನನ್ನ ಜೊತೆ ಕೂರುವ ಮಹಿಳಾ ಸಹೋದ್ಯೋಗಿಗೂ ಸೈಕಲ್ ಆಸೆ. ಅವರ ಮನೆ ನಾಲ್ಕೇ ಕಿಲೋಮೀಟರ್. ಬನ್ನಿ ಎಂದೆ. "ನೀವು ಬೆವರಿ ಬಂದರೆ ಹೆಲ್ತ್ ಅಂತಾರೆ. ನಾನು ಬೆವರಿ ಬಂದರೆ ಮನೆಗೇ ಫೋನ್ ಹೋಗ್ತದೆ," ಎಂದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೇ

ಈ ತಿಂಗಳ ಕೆಲಸ ಗೇರು. ಕುಂಬಳೆಯಿಂದ ಮನೆಗೆ ಹೋಗುವ ಏರಿನಲ್ಲಿ 28 ಹಲ್ಲು ಸಾಲುತ್ತಿರಲಿಲ್ಲ. ಲೆಕ್ಕ ಸುಲಭ. ಮುಂದಿನ 42ನ್ನು ಹಿಂದಿನ 28ರಿಂದ ಭಾಗಿಸಿದರೆ ಒಂದೂವರೆ. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಒಂದೂವರೆ ಸುತ್ತು. ಹಿಂದೆ 34 ಹಲ್ಲಿನದು ಹಾಕಿದರೆ ಸುಮಾರು ಒಂದೂಕಾಲಿಗೆ ಇಳಿಯುತ್ತದೆ. ಒತ್ತುವ ಬಲದಲ್ಲಿ ಹೆಚ್ಚುಕಡಿಮೆ ಆರನೇ ಒಂದು ಭಾಗ ಉಳಿತಾಯ. 14–34ರ ಫ್ರೀವೀಲ್ ತರಿಸಿ, ಜೊತೆಗೆ ಸ್ವಲ್ಪ ಉದ್ದದ ಚೈನ್ ಹಾಕಿಸಿದೆ. ಹಳೆ ಫ್ರೀವೀಲ್ ಬಿಚ್ಚಲು ಅದರದ್ದೇ ಟೂಲ್ ಬೇಕು. ಸುತ್ತಿಗೆ ಉಳಿ ಹಿಡಿದು ಬರುವವರಿಂದ ಚಕ್ರವನ್ನು ದೂರ ಇಡಿ.

ರಿಪೇರಿ ಅಂಗಡಿಯಲ್ಲಿ ಬೀಡಿ ಬ್ರಾಂಚಿಗೆ (ಕಟ್ಟಿದ ಬೀಡಿ ಒಪ್ಪಿಸುವ ಜಾಗ) ಹೋಗುತ್ತಿದ್ದ ಹಿರಿಯರೊಬ್ಬರು ಸಿಕ್ಕಿದರು. ಎಂಬತ್ತರ ಹತ್ತಿರದವರು. ನನ್ನ ಸೈಕಲಿಗೆ ಎರಡು ಸುತ್ತು ಬಂದು, ಸೀಟಿಗೆ ತಟ್ಟಿ, "ಕ್ಯಾರಿಯರ್ ಇಲ್ಲದ್ದು ಎಂತ ಸೈಕಲ್ ಮಾರಾಯ? ಹೆಂಡತಿಯನ್ನು ಎಲ್ಲಿ ಕೂರಿಸುವುದು?" ಎಂದರು. ಅವರದು ಹರ್ಕ್ಯುಲಿಸ್ ಇತ್ತಂತೆ. ಡೈನಮೋ ಇಲ್ಲದೆ ರಾತ್ರಿ ಹೋದರೆ ಪೊಲೀಸರು ಗಾಳಿ ಬಿಡುತ್ತಿದ್ದರಂತೆ. ಹರ್ಕ್ಯುಲಿಸ್ ತಯಾರಿಸುವ ಟಿ.ಐ. ಸೈಕಲ್ಸ್ 1949ರಲ್ಲಿ ಮದ್ರಾಸಿನಲ್ಲಿ ಶುರುವಾದದ್ದು. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮದ್ರಾಸ್ ರಾಜ್ಯದ ಕೆಳಗೆ ಇತ್ತಲ್ವಾ? ಹಾಗೆ ನೋಡಿದರೆ ಅದು ನಮ್ಮ ರಾಜ್ಯದ್ದೇ ಸೈಕಲ್. ಇದನ್ನು ಅವರಿಗೆ ಹೇಳಿದರೆ, "ರಾಜ್ಯ ಯಾವುದಾದರೂ ಏರಿನಲ್ಲಿ ಇಳಿದು ದೂಡಲೇಬೇಕಿತ್ತು," ಎಂದರು.

ಕ್ಯಾರಿಯರ್ ಹಾಕಿಸಿದೆ. ಹಳೆ ಟ್ಯೂಬ್ ಸೀಳಿ ಕಟ್ಟಿದರೆ ಬುತ್ತಿ ಅಲ್ಲಾಡುವುದಿಲ್ಲ. ಕ್ಯಾರಿಯರ್ ಬಂದ ಮೇಲೆ ಜೆರ್ಸಿಯ ಮರ್ಯಾದೆ ಅರ್ಧಕ್ಕೆ ಇಳಿಯಿತು, ಕಾಶ್ಮೀರದ ಪ್ರಶ್ನೆ ನಿಂತಿತು. ಒಬ್ಬರು ಮೀನು ಉಂಟಾ ಎಂದೂ ಕೇಳಿದರು. ಈಗಿನ ಮೀನಿನವರು ಸ್ಕೂಟರಿನಲ್ಲಿ ಬರುತ್ತಾರೆ, ಪಾಪ ಅವರಿಗೆ ಹಳೇ ನೆನಪು.

ಜೂನ್, ಜುಲೈ

ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ಆಚರಣೆಯ ದಿನ) ಕಳೆದು ಮಳೆ ಹಿಡಿಯಿತು. ಜೂನ್ 3 ವಿಶ್ವ ಸೈಕಲ್ ದಿನ, 2018ರಲ್ಲಿ ವಿಶ್ವಸಂಸ್ಥೆ ಘೋಷಿಸಿದ್ದು. ಕೇರಳದಲ್ಲಿ ಮಳೆ ಬರುವ ಹೊತ್ತು ನೋಡಿಯೇ ಇಟ್ಟ ಹಾಗಿದೆ. 2020ರಲ್ಲಿ ಅಟ್ಲಾಸ್ ಸೈಕಲ್ ಕಂಪನಿ ದೆಹಲಿ ಹತ್ತಿರದ ತನ್ನ ಸಾಹಿಬಾಬಾದ್ ಕಾರ್ಖಾನೆ ನಿಲ್ಲಿಸಿದ್ದೂ ಅದೇ ಜೂನ್ 3ಕ್ಕೆ.

ಮಳೆಯಲ್ಲಿ ಮೊದಲು ಕೆಡುವುದು ಬ್ರೇಕ್. ರಿಮ್ಮನ್ನು ಹಿಡಿಯುವ ಬ್ರೇಕಾದ್ದರಿಂದ ಒದ್ದೆಯಾದಾಗ ಮೊದಲ ಒಂದೆರಡು ಸುತ್ತು ಹಿಡಿಯುವುದೇ ಇಲ್ಲ, ಆಮೇಲೆ ಒಮ್ಮೆಲೇ ಹಿಡಿಯುತ್ತದೆ. ನಮ್ಮ ಕೆಂಪು ಮಣ್ಣು ನೀರಿನ ಜೊತೆ ಬ್ರೇಕ್ ಶೂಗೆ ಮೆತ್ತಿದರೆ ಮರಳುಕಾಗದದಿಂದ ರಿಮ್ಮು ಉಜ್ಜಿದ ಹಾಗೆ. ಮನೆಗೆ ಬಂದ ಕೂಡಲೇ ಒಂದು ಚೊಂಬು ನೀರು ಸುರಿದು ಶೂ ತೊಳೆಯುವುದು ಅಭ್ಯಾಸವಾಗಿದೆ. ಆದರೂ ಆಟಿಯೊಳಗೆ (ಜುಲೈ ನಡುವೆ ಶುರುವಾಗುವ ತುಳು ತಿಂಗಳು) ಹಿಂದಿನ ಶೂ ಸವೆದು ಹೋಯಿತು.

ಚೈನಿಗೆ ತುಕ್ಕು. ಎಲ್ಲರದ್ದೂ ಒಂದೇ ಸಲಹೆ, ತೆಂಗಿನೆಣ್ಣೆ ಹಾಕಿ. ದಿನಾ ನಾನು ಕೂಡ್ಲಿನ ತೋಟದ ಬೆಳೆ ಸಂಶೋಧನಾ ಕೇಂದ್ರದ ಎದುರಿನಿಂದಲೇ ಹೋಗುತ್ತೇನೆ. 1916ರಿಂದ ತೆಂಗಿನ ಸಂಶೋಧನೆ ನಡೆಯುವ ಜಾಗ. ಅಂಥ ಊರಿನಲ್ಲಿ ತೆಂಗಿನೆಣ್ಣೆ ಬೇಡ ಎನ್ನಲು ಧೈರ್ಯ ಬೇಕು. ಆದರೂ ಹೇಳುತ್ತೇನೆ, ಬೇಡ. ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಸಾಕು, ಹಾಕಿ ಒರೆಸಬೇಕು. ಮಳೆಗಾಲದಲ್ಲಿ ವಾರಕ್ಕೆರಡು ಸಲ.

ರೈನ್‌ಕೋಟ್ ಹಾಕಿ ತುಳಿದರೆ ಒಳಗಿನಿಂದ ಒದ್ದೆ, ಹಾಕದಿದ್ದರೆ ಹೊರಗಿನಿಂದ. ನಾನು ಎರಡನೆಯದನ್ನು ಆರಿಸಿದ್ದೇನೆ. ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ. ಜೋರು ಗಾಳಿಮಳೆ ಇದ್ದ ದಿನ ಬಸ್ಸು, ಅದರಲ್ಲಿ ನಾಚಿಕೆ ಪಡುವುದೇನಿಲ್ಲ.

ಮಳೆಯಲ್ಲಿ ಜನ ಬದಲಾದರು, ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಬಿಸಿಲಿನಲ್ಲಿ ನಕ್ಕವರೇ ಅಂಗಡಿ ಜಗಲಿಯಲ್ಲಿ ಜಾಗ ಮಾಡಿ ನಿಲ್ಲಿ ಎನ್ನುತ್ತಾರೆ. ಒಂದು ಖಾಸಗಿ ಬಸ್ಸಿನ ಡ್ರೈವರ್ ನೀರು ನಿಂತ ಕಡೆ ವೇಗ ಕಮ್ಮಿ ಮಾಡಿ, ಎರಡು ಸಲ ಸಣ್ಣ ಹಾರ್ನ್ ಕೊಟ್ಟು ದಾಟುತ್ತಾನೆ. ಮೊದಲು ನನ್ನನ್ನು ಸ್ಲ್ಯಾಬಿಗೆ ಹತ್ತಿಸುತ್ತಿದ್ದ ಬಸ್ಸೇ ಅದು. ದಿನಾ ಕಾಣುವ ಮುಖಕ್ಕೆ ನೀರು ಹಾರಿಸಲು ಕಷ್ಟ ಇರಬೇಕು. ಮುರ್ಷಿದಾಬಾದಿನವನಿಗೂ ಅಷ್ಟೇ ಜಾಗ ಬಿಡುತ್ತಾನಾ ಎಂದು ನೋಡುತ್ತಿದ್ದೇನೆ. ಈಗಿನವರೆಗೆ, ನಾವಿಬ್ಬರೂ ಒಟ್ಟಿಗೆ ಇದ್ದಾಗ ಬಿಡುತ್ತಾನೆ.

ಆಗಸ್ಟ್

ಕೌಂಟರಿಗೆ ಬಂದ ಹುಡುಗನೊಬ್ಬ ಸೈಕಲಿಗೆ ಸಾಲ ಸಿಗುತ್ತದಾ ಎಂದು ಕೇಳಿದ. ಹಿಂದೆ ಜನರೇಟರ್ ಪಕ್ಕದಲ್ಲಿ ನನ್ನದನ್ನು ನೋಡಿದ್ದನಂತೆ. ವಾಹನ ಸಾಲದ ಅರ್ಜಿಯಲ್ಲಿ ಆರ್.ಸಿ. ನಂಬರ್, ಇನ್ಶೂರೆನ್ಸ್ ಎಲ್ಲ ತುಂಬಿಸಬೇಕು, ಸೈಕಲಿಗೆ ಎರಡೂ ಇಲ್ಲ. ಪರ್ಸನಲ್ ಲೋನ್ ಹಾಕಬಹುದು, ಎರಡು ಜಾಮೀನು ತನ್ನಿ ಎಂದೆ. ಹದಿನಾರು ಸಾವಿರಕ್ಕೆ ಇಬ್ಬರು ಜಾಮೀನಾ ಎಂದು ನಕ್ಕು, ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಹೋದ. ಟೈರ್ 35 ಮಿಲಿಮೀಟರಿನದ್ದೇ ತಗೋ ಎಂದು ಮಾತ್ರ ಹೇಳಿ ಕಳಿಸಿದ್ದೇನೆ.

ಮುಂದಿನ ಕೆಲಸ: ಹಿಂದಿನ ಚಕ್ರದ ಬೆಂಡ್ ತೆಗೆಸಬೇಕು, ಎರಡು ಕಡ್ಡಿ ಸಡಿಲ ಇದೆ. ಬ್ರೇಕ್ ಶೂ ಒಂದು ಜೊತೆ ಎಕ್ಸ್‌ಟ್ರಾ ತರಿಸಿದ್ದೇನೆ, ತುಲಾ ಮಳೆಗೆ ಬೇಕಾಗುತ್ತದೆ. ಸಂಜೆ ಬೇಗ ಕತ್ತಲಾಗುವ ಮೊದಲು ಹಿಂದೆ ಕೆಂಪು ಲೈಟ್ ಎರಡು ಹಾಕಿಸಬೇಕು. ಒಂದು ನನಗೆ, ಇನ್ನೊಂದು ಆ ಕಪ್ಪು ಸೈಕಲಿಗೆ.