ಹೊರದೇಶದ ಚಿಲ್ಲರೆ ನನಗ್ಯಾಕೆ ಇಷ್ಟ

2025 ಜುಲೈ 13, ಭಾನುವಾರ
ಬೆಂಗಳೂರು

ನಾಣ್ಯ ಕೂಡಿಡೋಕೆ ಹೊರಟ ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ, ಹೊರದೇಶದ್ದರಿಂದ ಶುರು ಮಾಡಿ. ಇವತ್ತು ಇದೇ ವಿಷಯಕ್ಕೆ ಚಿಕ್ಕಪ್ಪನ ಜೊತೆ ಮಧ್ಯಾಹ್ನವೆಲ್ಲ ವಾದ ನಡೆಯಿತು. ಅವರದು ಪೂರ್ತಿ ನಮ್ಮ ದೇಶದ ಸಂಗ್ರಹ. ಮೈಸೂರು ಅರಸರ ಕಾಸು, ಟಿಪ್ಪುವಿನ ಆನೆ ಪೈಸೆ, ಕಂಪನಿ ಸರ್ಕಾರದ 1835ರ ಕಾಲಾಣೆ, ಆಮೇಲೆ ಸ್ವಾತಂತ್ರ್ಯ ಬಂದ ಮೇಲಿನದೆಲ್ಲ ಇಸವಿ ಪ್ರಕಾರ ಜೋಡಿಸಿಟ್ಟಿದ್ದಾರೆ.

"ಅಲ್ಲ ಕಣೋ, ಆ ಪರದೇಶದ ಚಿಲ್ಲರೆ ಇಟ್ಕೊಂಡು ಏನ್ ಮಾಡ್ತೀಯ? ನಾಳೆ ಮಾರೋಕೆ ಹೋದ್ರೆ ಏನಾದ್ರೂ ಹುಟ್ಟುತ್ತಾ?" ಅಂದರು.

ಹುಟ್ಟಲ್ಲ. ನನಗೆ ಅದೇ ಅನುಕೂಲ. ಬೆಲೆ ಇಲ್ಲದ ನಾಣ್ಯಕ್ಕೆ ಯಾರೂ ನಕಲಿ ಮಾಡುವುದಿಲ್ಲ. ಹಣ, ವರಹ ಅನ್ನುವ ನಮ್ಮ ಹಳೆಯ ಚಿನ್ನದ ನಾಣ್ಯ ಕೊಳ್ಳುವಾಗ ಇರುವ ಭಯ ಇಲ್ಲಿಲ್ಲ, ಅಸಲಿಯೋ ನಕಲಿಯೋ ಅಂತ ನಾಲ್ಕು ಜನರನ್ನು ಕೇಳಬೇಕಾಗಿಲ್ಲ, ಸುಮ್ನೆ ಚೆನ್ನಾಗಿದೆ ಅಂತ ತಗೋಬಹುದು.

ನಮ್ಮ ಗಣರಾಜ್ಯದ ನಾಣ್ಯಗಳ ಸಂಗ್ರಹ ಒಂದು ಹಂತ ದಾಟಿದ ಮೇಲೆ ಖಾಲಿ ಜಾಗ ತುಂಬುವ ಕೆಲಸ ಆಗಿಬಿಡುತ್ತದೆ. ಹೈದರಾಬಾದಿನ ಟಂಕಸಾಲೆಯಲ್ಲಿ ಹೊಡೆದದ್ದಾದರೆ ಇಸವಿಯ ಕೆಳಗೆ ನಕ್ಷತ್ರ, ನೋಯ್ಡಾದ್ದಾದರೆ ಚುಕ್ಕೆ, ಮುಂಬೈದಾದರೆ ವಜ್ರದ ಆಕಾರ, ಕೋಲ್ಕತ್ತದ್ದಾದರೆ ಏನೂ ಇಲ್ಲ. ಮುಖ ಅದೇ, ಸಿಂಹ ಅದೇ, ಒಂದು ಚುಕ್ಕೆ ಬೇರೆ, ಆ ಚುಕ್ಕೆಗೆ ದುಡ್ಡು ಕೊಡಬೇಕು. ಅದರಲ್ಲಿ ಖುಷಿ ಪಡುವವರಿದ್ದಾರೆ, ಚಿಕ್ಕಪ್ಪನೂ ಅವರಲ್ಲೊಬ್ಬರು, ಅವರ ತಾಳ್ಮೆ ನನಗೆ ನಿಜವಾಗಿಯೂ ದೊಡ್ಡದು ಅನ್ನಿಸುತ್ತದೆ. ಆದರೆ ನನಗೆ ಬೇಕಾಗಿರುವುದು ಓದೋಕೆ. ಕೈಗೆ ಬಂದ ನಾಣ್ಯ ಯಾವ ದೇಶದ್ದು ಅಂತಲೇ ಗೊತ್ತಾಗದೆ ಒಂದು ಸಂಜೆ ಪೂರ್ತಿ ಅದರ ಹಿಂದೆ ಬೀಳುವ ಸುಖ ದೇಶಿ ನಾಣ್ಯದಲ್ಲಿ ಎಲ್ಲಿ ಸಿಗಬೇಕು ಹೇಳಿ.

ಇಸವಿ ಒಂದನ್ನೇ ತಗೊಳ್ಳಿ. ನೇಪಾಳದ ನಾಣ್ಯದ ಮೇಲೆ ದೇವನಾಗರಿಯಲ್ಲಿ 2051 ಅಂತ ಇರುತ್ತದೆ. ಅದು ವಿಕ್ರಮ ಸಂವತ್, 57 ಕಳೆದರೆ 1994. ಥಾಯ್ಲೆಂಡಿನವರದು ಬುದ್ಧನ ಲೆಕ್ಕ, 2530ರಲ್ಲಿ 543 ಕಳೆಯಬೇಕು, 1987 ಬರುತ್ತದೆ. ಜಪಾನಿನಲ್ಲಿ ಚಕ್ರವರ್ತಿ ಪಟ್ಟಕ್ಕೆ ಬಂದ ವರ್ಷದಿಂದ ಎಣಿಕೆ, ಒಂದೊಂದು ಆಳ್ವಿಕೆಗೆ ಒಂದೊಂದು ಹೆಸರು. ಶೋವಾ 50 ಅಂದರೆ 1975, ಇನ್ನು 1989ರಲ್ಲಿ ಚಕ್ರವರ್ತಿ ತೀರಿಕೊಂಡು ಮಗ ಪಟ್ಟಕ್ಕೆ ಬಂದಿದ್ದರಿಂದ ಆ ಒಂದೇ ವರ್ಷಕ್ಕೆ ಶೋವಾ 64, ಹೇಸೇ 1 ಅಂತ ಎರಡು ಇಸವಿ. ಅವರ 5 ಯೆನ್ ನಾಣ್ಯ ಇನ್ನೂ ಚೆಂದ. ಹಿತ್ತಾಳೆ ಬಣ್ಣ, ನಡುವೆ ತೂತು, ಬಾಗಿದ ಭತ್ತದ ತೆನೆ, ತೂತಿನ ಸುತ್ತ ಯಂತ್ರದ ಹಲ್ಲುಗಾಲಿ, ಕೆಳಗೆ ನೀರಿನ ಗೆರೆಗಳು. ಬೆಲೆಯನ್ನು ಅವರ ಲಿಪಿಯಲ್ಲೇ ಬರೆದಿದ್ದಾರೆ, 5 ಅನ್ನುವ ಅಂಕಿಯೇ ಇಲ್ಲ. ಮೊದಲ ಸಲ ನೋಡಿದವರಿಗೆ ಎಷ್ಟರದ್ದು ಅಂತ ಹೇಗೆ ತಿಳಿಯಬೇಕು? ಇಥಿಯೋಪಿಯಾದ್ದು ಇವೆಲ್ಲಕ್ಕಿಂತ ಕಷ್ಟ. ಒಂದು ಕಡೆ ಸಿಂಹದ ತಲೆ, ಇಸವಿ ಅವರದೇ ಹಳೆಯ ಅಂಕಿಗಳಲ್ಲಿ, ಓದಿದರೆ 1969, ನಮ್ಮ ಲೆಕ್ಕಕ್ಕೆ 1976-77.

ಇಷ್ಟು ಹೇಳಿದ ಮೇಲೆ ಚಿಕ್ಕಪ್ಪ ತಮ್ಮ ಟಿಪ್ಪು ಪೈಸೆ ತಂದು ಮುಂದಿಟ್ಟರು. ಟಿಪ್ಪು ಮೌಲೂದಿ ಅನ್ನುವ ತನ್ನದೇ ಇಸವಿ ಲೆಕ್ಕ ತಂದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ, ಅದನ್ನು ಓದೋದೇನು ಸುಲಭವಾ ಅಂತ ಕೇಳಿದರು. ಒಪ್ಪಿಕೊಂಡೆ, ಅದು ಸುಲಭ ಅಲ್ಲ. ಆದರೆ ಅಂಥ ನಾಣ್ಯ ಕೊಳ್ಳೋಕೆ ಯೋಚಿಸಬೇಕು. ಇಥಿಯೋಪಿಯಾದ್ದು ಒಂದು ಕಾಫಿಯ ದುಡ್ಡಿಗೆ ಸಿಗುತ್ತದೆ.

ಅವರಿಗೆ ಕುವೈತಿನ 100 ಫಿಲ್ಸ್ ತೋರಿಸಿದೆ. ಅದರ ಮೇಲೆ ಹಾಯಿ ಹಡಗು. ಇಂಥ ಹಡಗುಗಳು ಖರ್ಜೂರ ತುಂಬಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು, ಅವನ್ನು ಕಟ್ಟೋಕೆ ತೇಗದ ಮರ ಹೋಗುತ್ತಿದ್ದುದೂ ಮಲಬಾರಿನ ಕಡೆಯಿಂದಲೇ. ಕುವೈತಿನವರು ತಮ್ಮದೇ ದಿನಾರ್ ತಂದದ್ದು 1961ರಲ್ಲಿ. ಅಲ್ಲಿಯವರೆಗೆ ಅಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ. ರಿಸರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿ ದೇಶಗಳಿಗಾಗಿಯೇ ಬೇರೆ ಬಣ್ಣದ ನೋಟು ಮಾಡಿತ್ತು. 1966ರ ಜೂನಿನಲ್ಲಿ ನಾವು ರೂಪಾಯಿ ಬೆಲೆ ಇಳಿಸಿದ ಮೇಲೆ ಅಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಪೂರ್ವ ಆಫ್ರಿಕಾದಲ್ಲೂ ಇದೇ ಕಥೆ. ಉಗಾಂಡ ರೈಲು ಹಾಕೋಕೆ ಇಲ್ಲಿಂದ ಕೂಲಿಗಳು ಹೋದ ಕಾಲಕ್ಕೆ ಅಲ್ಲೂ ನಮ್ಮ ರೂಪಾಯಿಯೇ ನಡೆಯುತ್ತಿತ್ತು, ಪಕ್ಕದ ಜರ್ಮನ್ ಪೂರ್ವ ಆಫ್ರಿಕಾದಲ್ಲಿ ಜರ್ಮನರು ರೂಪೀ ಅಂತಲೇ ನಾಣ್ಯ ಹೊಡೆಸಿದ್ದರು, ಮೊದಮೊದಲು ಒಂದಕ್ಕೆ 64 ಪೆಸಾ, ನಮ್ಮ ಹಳೆಯ ರೂಪಾಯಿಗೆ 64 ಪೈಸೆ ಇದ್ದ ಹಾಗೆ. ನಮ್ಮ ರೂಪಾಯಿ ಎಷ್ಟು ದೂರ ಓಡಾಡಿತ್ತು ಅನ್ನುವುದು ನಮ್ಮ ನಾಣ್ಯ ಮಾತ್ರ ನೋಡುತ್ತಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಚಿಕ್ಕಪ್ಪ ಆ ಹಡಗನ್ನು ಭೂತಗನ್ನಡಿಯಲ್ಲಿ ತುಂಬ ಹೊತ್ತು ನೋಡಿದರು. ಅರಬ್ಬಿ ಅಂಕಿ ಓದೋದು ಹೇಗೆ ಅಂತ ಕೇಳಿದರು. ಐದು ನಮ್ಮ ಸೊನ್ನೆ ತರ ಇರುತ್ತದೆ, ಸೊನ್ನೆ ಬರೀ ಚುಕ್ಕೆ ಅಂತ ಹೇಳಿಕೊಟ್ಟೆ.

ಬೆಂಗಳೂರಿನಲ್ಲಿ ಇರುವವರಿಗೆ ಇದಕ್ಕೆ ಅಂಗಡಿಯೂ ಬೇಕಾಗಿಲ್ಲ. ಆನ್‌ಸೈಟ್ ಅಂತ ಕೆಲಸದ ಮೇಲೆ ಹೊರದೇಶಕ್ಕೆ ಹೋಗಿ ಬಂದವರು ಪ್ರತಿ ಬೀದಿಯಲ್ಲೂ ಇದ್ದಾರೆ. ಹಣ ಬದಲಾಯಿಸುವ ಅಂಗಡಿಯವರು ನೋಟು ತಗೋತಾರೆ, ಚಿಲ್ಲರೆ ಮುಟ್ಟಲ್ಲ, ಹಾಗಾಗಿ ಅದೆಲ್ಲ ಮನೆಯ ಡ್ರಾಯರಿನಲ್ಲಿ ಬಿದ್ದಿರುತ್ತದೆ, ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಯೂರೋ ಸಿಕ್ಕರೆ ಹಿಂದೆ ಮುಂದೆ ತಿರುಗಿಸಿ ನೋಡಿ. ಒಂದು ಮುಖ ಎಲ್ಲ ದೇಶಗಳಿಗೂ ಒಂದೇ, ಇನ್ನೊಂದು ಆಯಾ ದೇಶದ್ದು. ಐರ್ಲೆಂಡಿನದರಲ್ಲಿ ಹಾರ್ಪ್ ವಾದ್ಯ, ಗ್ರೀಸಿನ 1 ಯೂರೋದಲ್ಲಿ ಹಳೆಯ ಅಥೆನ್ಸ್ ನಾಣ್ಯದಿಂದ ತಂದ ಗೂಬೆ.

ಒಂದೇ ಮಾತು, ಸಿಕ್ಕಿದ್ದನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲೂ ಇಡಬೇಡಿ, ವರ್ಷ ಕಳೆದ ಹಾಗೆ ತಾಮ್ರದ ಮೇಲೆ ಹಸಿರು ಅಂಟು ಬರುತ್ತದೆ.

ಮುಂದೆ ನಾನು ಹುಡುಕಬೇಕಾಗಿರುವುದು ಜರ್ಮನ್ ಪೂರ್ವ ಆಫ್ರಿಕಾದ 1 ಹೆಲ್ಲರ್, ಪೆಸಾ ಹೋದ ಮೇಲೆ ಬಂದ ಚಿಲ್ಲರೆ, ತಾಮ್ರದ ಬಣ್ಣದ್ದು, ಕಿರೀಟ ಇರುವುದು. ರೂಪೀ ಬೆಳ್ಳಿಯದು, ದುಬಾರಿ. ಹೆಲ್ಲರ್ ಎರಡು ಸಿಕ್ಕರೆ ಒಂದು ತನಗಿರಲಿ ಅಂತ ಚಿಕ್ಕಪ್ಪ ಹೇಳಿದ್ದಾರೆ.